ಕನಸಿನ ಮುಖಕ್ಕೊಂದು ಉಲ್ಲೇಖ

ಮೂಲಶೋಧಿನಿ ಕೆಲಸ ಮಾಡುವಾಗ ಸದ್ದೇ ಇರುತ್ತಿರಲಿಲ್ಲ. ಪರದೆ ಎಳೆದ ದುಂಡನೆಯ ಕೋಣೆಯ ನಡುವೆ ಶಾಲ್ಮಲಾಳ ಮಹಾಪ್ರಬಂಧ ಬೆಳಕಿನ ಹಾಳೆಗಳಾಗಿ ತೇಲುತ್ತಿತ್ತು. ಅದರ ಒಂದೊಂದು ಉಲ್ಲೇಖದಿಂದಲೂ ನೀಲಿ ಎಳೆಯೊಂದು ಹೊರಟು, ಗಾಳಿಯಲ್ಲಿ ತುಸು ತಡವರಿಸಿ, ತನ್ನ ಮೂಲವನ್ನು ಹುಡುಕಿಕೊಂಡು ಕೆಳಗಿಳಿಯುತ್ತಿತ್ತು. ಕೆರೆಯ ತಳದಲ್ಲಿ ಮಲಗಿ ಮೇಲಿನ ಗಿಡಗಳ ಬೇರು ನೋಡಿದಂತೆ ಅವಳಿಗೆ ಭಾಸವಾಯಿತು.

ಅಚ್ಚಾದ ಪುಸ್ತಕ ಗ್ರಂಥಾಲಯದಲ್ಲಿ ಇಟ್ಟಲ್ಲೇ ಇರುತ್ತದೆ. ಜಾಲಪುಟದ ಸ್ವಭಾವ ಹಾಗಲ್ಲ. ಇಂದು ಓದಿದ ಸಾಲು ನಾಳೆ ಬದಲಾಗುತ್ತದೆ, ನಾಡಿದ್ದು ಪುಟವೇ ಇರುವುದಿಲ್ಲ. ಹಿಂದಿನ ಸಂಶೋಧಕರು ವಿಳಾಸದ ಪಕ್ಕದಲ್ಲಿ ತಾವು ಅದನ್ನು ಕಂಡ ದಿನಾಂಕ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಕೆಲವೇ ದಶಕಗಳಲ್ಲಿ ಜಗತ್ತಿನ ಪ್ರಬಂಧಗಳ ತುಂಬ ಎಲ್ಲಿಗೂ ಒಯ್ಯದ ಸತ್ತ ಕೊಂಡಿಗಳು ತುಂಬಿಕೊಂಡವು. ಡಾ. ಆನಂದತೀರ್ಥ ಗಲಗಲಿ ರೂಪಿಸಿದ ಈ ಯಂತ್ರ ಜಗತ್ತಿನ ನೆನಪಿನ ಕಣಜಗಳಲ್ಲಿ ಚದುರಿಹೋದ ಅಕ್ಷರಗಳನ್ನು ಹೆಕ್ಕಿ, ಅಳಿದ ಪುಟವನ್ನು ಬರೆದ ದಿನ ಇದ್ದಂತೆಯೇ ಎಬ್ಬಿಸಿ ನಿಲ್ಲಿಸುತ್ತಿತ್ತು. ಮೂಲ ಸಿಕ್ಕರೆ ಎಳೆ ನೀಲಿ, ಸಿಗದಿದ್ದರೆ ಕಪ್ಪು. ಕಪ್ಪು ಎಳೆಯುಳ್ಳ ಪ್ರಬಂಧಕ್ಕೆ ಶಾಲ್ಮಲಾ ಓದುತ್ತಿದ್ದ ಧಾರವಾಡದ ಸಂಶೋಧನಾ ಕೇಂದ್ರ ಪದವಿ ಕೊಡುತ್ತಿರಲಿಲ್ಲ.

"ಒಂದೂ ಕಪ್ಪು ಇಲ್ಲ. ಪದವಿ ಬಂದಂಗನ ಅಂತ ತಿಳ್ಕೋರಿ," ಎಂದರು ಗಲಗಲಿ.

ಶಾಲ್ಮಲಾಳ ಕಣ್ಣು ಒಂದೇ ಎಳೆಯ ಮೇಲಿತ್ತು. ದೃಷ್ಟಿ ಕಳೆದುಕೊಂಡವರ ಕನಸುಗಳು ಅವಳ ವಿಷಯ. ಆ ಎಳೆ ಹಿಡಿದಿದ್ದ ವಾಕ್ಯ ಇದು: ದೃಷ್ಟಿ ಹೋದ ಹತ್ತು ವರ್ಷಗಳಲ್ಲಿ ಪ್ರೀತಿಪಾತ್ರರ ಮುಖಗಳು ಕನಸಿನಿಂದಲೂ ಅಳಿಸಿಹೋಗುತ್ತವೆ. ನೂರಾರು ಪ್ರಬಂಧಗಳು ಅದನ್ನು ಉಲ್ಲೇಖಿಸಿದ್ದವು. ವೈದ್ಯರೂ ಅದನ್ನೇ ಹೇಳುತ್ತಿದ್ದರು.

ಅವಳ ಅಕ್ಕ ಇಂದುಮತಿಗೂ ಹೇಳಿದ್ದರು. ಇಂದುಮತಿಯ ಕಣ್ಣಿನ ಹಿಂಭಾಗದ ನರಗಳು ಒಣಗುತ್ತಿದ್ದವು. ಕಾಣುವ ಜಗತ್ತು ಈಗ ಬಳೆಯಷ್ಟು ಅಗಲಕ್ಕೆ ಇಳಿದಿತ್ತು. ವೈದ್ಯರ ಮಾತು ಕೇಳಿ ಬಂದ ದಿನದಿಂದ ಅವಳು ಮಗಳು ತುಂಗಾಳನ್ನು ಕಿಟಕಿಯ ಬೆಳಕಿಗೆ ಕೂರಿಸಿಕೊಂಡು ನೋಡುತ್ತಿದ್ದಳು. ಹುಬ್ಬು, ಮೂಗಿನ ತುದಿ, ಗಲ್ಲದ ಮೇಲಿನ ಮಚ್ಚೆ, ಮತ್ತೆ ಹುಬ್ಬು. ಪರೀಕ್ಷೆಗೆ ಬಾಯಿಪಾಠ ಮಾಡುವವರ ಹಾಗೆ. ಹೊರಗೆ ಗೆಳತಿಯರು ಕೂಗುತ್ತಿದ್ದರೆ ಏಳು ವರ್ಷದ ಆ ಹುಡುಗಿ ಅಲುಗಾಡದೆ ಕೂತಿರಬೇಕಾಗಿತ್ತು. ನಕ್ಕರೆ, "ನಗಬ್ಯಾಡವ್ವಾ, ಮುಖ ಬದಲಾಗ್ತೈತಿ," ಎನ್ನುತ್ತಿದ್ದಳು ತಾಯಿ.

"ಸರ್, ಈ ಎಳಿ ಕೊನೀತನಕ ಬಿಡ್ರಿ. ಬುಡ ನೋಡಬೇಕು ನಾನು," ಎಂದಳು ಶಾಲ್ಮಲಾ.

"ನೀಲೀನ ಅದ, ಮತ್ತೇನು ನೋಡ್ತೀರಿ?" ಎಂದರೂ ಗಲಗಲಿ ಎಳೆಯನ್ನು ಸಡಿಲಬಿಟ್ಟರು.

ಎಳೆ ಇಳಿಯಿತು. ಮೇಲಿನ ಪ್ರಬಂಧದಲ್ಲಿ 'ಸಾಬೀತಾಗಿದೆ' ಎಂದಿತ್ತು. ಅದು ಆಧರಿಸಿದ ಇನ್ನೊಂದರಲ್ಲಿ 'ಕಂಡುಬಂದಿದೆ'. ಅದರ ಕೆಳಗಿನ ವಿಚಾರ ಸಂಕಿರಣದ ಭಾಷಣದಲ್ಲಿ 'ಹೇಳಲಾಗುತ್ತದೆ'. ಅದರಡಿ ಯಾವುದೋ ಸುದ್ದಿತಾಣದ ಇಂಗ್ಲಿಷ್ ಲೇಖನ. ಅದಕ್ಕೂ ಕೆಳಗೆ, ತಿಳಿನೀಲಿಯ ಮಬ್ಬಿನಲ್ಲಿ, ನಲವತ್ತು ವರ್ಷದ ಹಿಂದಿನ ಒಂದು ಕನ್ನಡ ಬ್ಲಾಗು ನಿಧಾನವಾಗಿ ಕಣ್ಣು ತೆರೆಯಿತು. ಅಂಚಿನಲ್ಲಿ ದಾಸವಾಳದ ಚಿತ್ರ. ಬರೆದವರು ಉಡುಪಿ ಕಡೆಯ ಶಿರ್ವದ ಫ್ಲೋರಿನ್ ಮಿನೇಜಸ್.

ಶಾಲ್ಮಲಾ ಓದಿದಳು: "ನನ್ನ ಕಣ್ಣು ಈ ವರ್ಷ ಪೂರ್ತಿ ಹೋಗುತ್ತದಂತೆ. ಇನ್ನು ಹತ್ತು ವರ್ಷ ಕಳೆದರೆ ಮಗಳ ಮುಖ ಕನಸಿನಲ್ಲಾದರೂ ಬರುತ್ತದಾ? ಅದೂ ಅಳಿಸಿಹೋದರೆ?"



"ಇದು ಸಂಶೋಧನೆ ಅಲ್ರಿ ಸರ್. ಒಬ್ಬಾಕಿ ಹೆದರಿಕಿ ಇದು," ಎಂದಳು ಅವಳು.

ಗಲಗಲಿ ಕನ್ನಡಕ ತೆಗೆದು ಒರೆಸಿಕೊಂಡರು. "ಮೂಲ ಅದನೋ ಇಲ್ಲೋ ಅಂತ ಅಷ್ಟ ಕೇಳೂದು ಕಲಿಸೇನಿ ನಾ ಇದಕ್ಕ. ಅಲ್ಲಿದ್ದದ್ದು ಪ್ರಶ್ನೆನೋ ಉತ್ತರನೋ ಅಂತ ಕೇಳೂದು ಕಲಿಸಿಲ್ಲ."

ಶಿರ್ವದ ಇಗರ್ಜಿಯ ಪಾದ್ರಿಗಳು ಫೋನ್ ನಂಬರು ಕೊಟ್ಟರು. ಫ್ಲೋರಿನ್ ಬಾಯಮ್ಮ ಗಟ್ಟಿಮುಟ್ಟಾಗಿಯೇ ಇದ್ದಾರೆ, ಎಂಬತ್ತರ ಹತ್ತಿರ, ಭಾನುವಾರದ ಪೂಜೆ ತಪ್ಪಿಸುವುದಿಲ್ಲ ಎಂದರು. ಮರುದಿನ ಮಧ್ಯಾಹ್ನ ಶಾಲ್ಮಲಾ ಅಕ್ಕನ ಮನೆಗೆ ಹೋಗಿ ಅಲ್ಲಿಂದಲೇ ಸ್ಪೀಕರ್ ಹಾಕಿ ಫೋನ್ ಮಾಡಿದಳು. ತುಂಗಾ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದಳು. ಇಂದುಮತಿ ಅವಳೆದುರು.

ವಿಷಯ ಕೇಳಿ ಆ ಕಡೆಯ ಹೆಂಗಸು ಜೋರಾಗಿ ನಕ್ಕಳು. "ನೂರಾರು ಜನ ಬರೆದಿದ್ದಾರಾ? ದೇವರೇ! ನಾನು ಕೇಳಿದ್ದಲ್ವಾ ಅದು? ಉತ್ತರ ಎಂತ ಅಂತ ಒಬ್ಬರಾದ್ರೂ ಬಂದು ನನ್ನ ಹತ್ರ ಕೇಳಿದ್ದುಂಟಾ?"

"ನಾನು ಕೇಳ್ತೀನ್ರಿ," ಎಂದಳು ಇಂದುಮತಿ. ಮಗಳ ಮುಖದಿಂದ ಕಣ್ಣು ತೆಗೆಯದೆಯೇ ಫೋನಿನ ಕಡೆಗೆ ಬಾಗಿದ್ದಳು. "ಬರ್ತಾಳೇನ್ರಿ ನಿಮ್ಮ ಮಗಳು?"

"ಬರ್ತಾಳಮ್ಮ. ನಿನ್ನೆ ಸಹ ಬಂದಿದ್ಳು."

"ಸಣ್ಣಾಕಿ ಇದ್ದಾಗಿನ ಮುಖಾನ?"

ಆ ಕಡೆ ಎಲ್ಲೋ ಒಂದು ಕೋಳಿ ಕೂಗಿತು. "ಅದೇ ನನಗೂ ಆಶ್ಚರ್ಯ. ನನ್ನ ಕಣ್ಣು ಹೋಗುವಾಗ ಅವಳಿಗೆ ಎಂಟು ವರ್ಷ. ಕನಸಿನಲ್ಲಿ ಅವಳು ಎಂಟಕ್ಕೇ ನಿಲ್ಲಲಿಲ್ಲ. ದೊಡ್ಡವಳಾದಳು, ಮದುವೆಯಲ್ಲಿ ಹೂ ಮುಡಿದು ನಿಂತಳು. ಈಗ ಕಿವಿಯ ಹತ್ರ ಕೂದಲು ಬೆಳ್ಳಗಾಗಿದೆ. ಅವಳ ಹತ್ರ ಕೇಳಿದೆ, ಹೌದಾ ಅಂತ. ಹೌದಂತೆ. ದಿನಾ ಅವಳ ತಲೆ ನೇವರಿಸ್ತೇನಲ್ಲ, ಜಗಳ ಆಡ್ತೇನೆ, ಅವಳು ನಗುವುದು ಕೇಳ್ತೇನೆ. ಅದರಿಂದಲೇ ಮುಖ ಬೆಳೀತದೆ ಅಂತ ಕಾಣ್ತದೆ. ನೋಡಿ ಇಟ್ಟುಕೊಂಡದ್ದು ಮಾತ್ರ ಬರುವುದಲ್ಲಮ್ಮ."

ಇಂದುಮತಿ ಕೈಚಾಚಿ ಮಗಳ ಗಲ್ಲ ಮುಟ್ಟಿದಳು.

"ಹೋಗವ್ವಾ, ಆಡಾಕ ಹೋಗು. ಜೋರಾಗಿ ಕೂಗಾಡ್ರಿ, ನನಗ ಕೇಳಬೇಕು."

ತುಂಗಾ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದಳು.

ಶಾಲ್ಮಲಾ ಪ್ರಬಂಧ ತಿದ್ದಿದಳು. ಹಳೆಯ ವಾಕ್ಯ ತೆಗೆದು, ಫ್ಲೋರಿನ್ ಹೇಳಿದ್ದನ್ನು ಬರೆದು, ಮೂಲದ ಜಾಗದಲ್ಲಿ 'ಅವರೇ ನನಗೆ ಹೇಳಿದರು' ಎಂದಷ್ಟೇ ನಮೂದಿಸಿದಳು. ಒಬ್ಬರ ಮಾತು ಎಲ್ಲರಿಗೂ ಅನ್ವಯಿಸಬೇಕಿಲ್ಲ ಎಂಬುದನ್ನೂ ಸೇರಿಸಿದಳು. ಮೂಲಶೋಧಿನಿ ಜಗತ್ತಿನ ಕಣಜಗಳನ್ನೆಲ್ಲ ಜಾಲಾಡಿತು. ಆ ಮಾತು ಯಾವ ಪುಟದಲ್ಲೂ ಇರಲಿಲ್ಲ. ಎಳೆ ಕಪ್ಪಾಯಿತು.

"ಹಳೇದನ್ನ ಇಟ್ಟಿದ್ರ ನೀಲಿ ಇರ್ತಿತ್ತು," ಎಂದರು ಗಲಗಲಿ. ಅವರ ದನಿಯಲ್ಲಿ ಹೆಮ್ಮೆ ಉಳಿದಿರಲಿಲ್ಲ. "ತೆಗೆದುಬಿಡ್ರಿ ಇದನ್ನ. ನಿಮ್ಮ ಮೂರು ವರ್ಷದ ಕೆಲಸ ಹಾಳಾಗ್ತದ."

"ಇರ್ಲಿ ಬಿಡ್ರಿ ಸರ್," ಎಂದಳು ಶಾಲ್ಮಲಾ.

ಮೌಖಿಕ ಪರೀಕ್ಷೆಯ ದಿನ ನೀಲಿ ಎಳೆಗಳ ನಡುವೆ ಆ ಒಂದು ಕಪ್ಪು ಎಳೆ ಎಲ್ಲರ ಕಣ್ಣಿಗೂ ಬಿತ್ತು. ಬೆಳಗಾವಿಯಿಂದ ಬಂದಿದ್ದ ಹಿರಿಯ ಪರೀಕ್ಷಕ ಪ್ರೊಫೆಸರ್ ಧನಪಾಲ ಉಪಾಧ್ಯೆ ಕಟ್ಟುನಿಟ್ಟಿಗೆ ಹೆಸರಾದವರು. "ಈ ಮೂಲ ಎಲ್ಲೈತಿ? ತೋರಸ್ರಿ," ಎಂದರು.

"ತೋರ್ಸಾಕ ಆಗಂಗಿಲ್ರಿ ಸರ್. ಮಾತಾಡಿಸಬಹುದು," ಎಂದು ಅವಳು ಅಲ್ಲಿಂದಲೇ ಶಿರ್ವಕ್ಕೆ ಫೋನ್ ಹಚ್ಚಿದಳು.

ಉಪಾಧ್ಯೆ ಮೊದಲು ಪರೀಕ್ಷಕರಂತೆಯೇ ಕೇಳಿದರು. ವಯಸ್ಸು, ರೋಗದ ಹೆಸರು, ಕನಸು ಎಷ್ಟು ದಿನಕ್ಕೊಮ್ಮೆ. ಫ್ಲೋರಿನ್ ಎಲ್ಲಕ್ಕೂ ಉತ್ತರ ಕೊಟ್ಟಳು. ಪ್ರಶ್ನೆಗಳು ಮುಗಿದವು ಎಂದು ಎಲ್ಲರೂ ಅಂದುಕೊಳ್ಳುವಾಗ ಅವರು ತಮ್ಮ ಮುಂದಿನ ಹಾಳೆಯನ್ನು ಬೋರಲು ಹಾಕಿದರು.

"ನನ್ನ ಕಣ್ಣು ಛಲೋ ಅದಾವ್ರಿ ಬಾಯಾರ. ನನ್ನ ಹೆಂಡತಿ ತೀರಿಕೊಂಡು ಭಾಳ ದಿನ ಆತು. ಕನಸಿನಾಗ ಬರ್ತಾಳ, ಆದ್ರ ಬೆನ್ನು ಮಾಡಿ ನಿಂತಿರ್ತಾಳ. ಮುಖ ಕಾಣಂಗಿಲ್ಲ."

"ಹೆಸರು ಹಿಡಿದು ಕರೆದಿದ್ದೀರಾ?"

"ಇಲ್ರಿ. ಇದ್ದಾಗೂ ಕರೀಲಿಲ್ಲ. 'ಏ, ಇಲ್ಲಿ ಬಾ' ಅಂತಿದ್ದೆ ಅಷ್ಟ."

"ಎಂತ ಹೆಸರು ಅವರದ್ದು?"

ಕೋಣೆಯಲ್ಲಿ ನೀಲಿ ಬೆಳಕು ಮೆಲ್ಲಗೆ ಓಲಾಡುತ್ತಿತ್ತು. ಯಾರೂ ಎಳೆಗಳತ್ತ ನೋಡುತ್ತಿರಲಿಲ್ಲ.

"ಪದ್ಮಲತಾ," ಎಂದರು ಪ್ರೊಫೆಸರ್, ಮೊದಲ ಸಲ ಉಚ್ಚರಿಸುವವರ ಹಾಗೆ, ಸ್ವಲ್ಪ ನಾಚಿಕೊಂಡು.