ಬೊಮ್ಮಿಯ ಕೊರಳು, ಕಾರವಾರದ ಡಾಕ್ಟರ್

"ಮೊದಲು ಆ ಸರಗಳನ್ನೆಲ್ಲ ತೆಗೆಸಿ. ಆಮೇಲೆ ಮಾತು."

ಕಾರವಾರದಿಂದ ಪರದೆಯ ಮೇಲೆ ಮೂಡಿದ್ದ ಡಾಕ್ಟರ್ ಸಂಕೇತನ ಮಾತಿಗೆ ವಿಜೇತಾಳ ಮೈ ಉರಿದುಹೋಯಿತು!

ಅವಳು ರಾಮನಗುಳಿಯ ಆರೋಗ್ಯ ಕೇಂದ್ರದ ನರ್ಸ್. ಪ್ರತಿ ಮಂಗಳವಾರ ಊರಿನ ರೋಗಿಗಳನ್ನು ವಿಡಿಯೋ ಕರೆಯಲ್ಲಿ ತಜ್ಞರಿಗೆ ತೋರಿಸುವುದು ಅವಳ ಕೆಲಸ. ವರ್ಷದಿಂದ ಆ ತಜ್ಞ ಸಂಕೇತನೇ. ಅವನ ಮುಖ ಕಾಣುವ ಮೊದಲು ತಾನು ಕೂದಲು ಸರಿಮಾಡಿಕೊಳ್ಳುತ್ತೇನೆಂಬುದು ಅವಳಿಗೂ ಗೊತ್ತಿತ್ತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ಎದುರಿಗೆ ಕುಳಿತ ರೋಗಿ ಬೊಮ್ಮಿ, ಮದುವೆಯಾದಂದಿನಿಂದ ಯಾರೆದುರೂ ತೆಗೆಯದ, ಕೊರಳು ತುಂಬಿದ್ದ ಮಣಿಸರಗಳನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಸಾಲಿನಲ್ಲಿದ್ದ ಹತ್ತು ಜನ ನೋಡುತ್ತಿದ್ದರು.

"ನಾ ತೆಗೂದಿಲ್ಲ ತಂಗೀ. ಮದ್ದೂ ಬ್ಯಾಡ, ಮನಿಗೆ ಹೋಗ್ತೆ," ಎಂದು ಎದ್ದೇಬಿಟ್ಟಳು.

"ಸರ್, ಅವರು ಬಂದದ್ದು ಎದೆ ಹೊಡ್ಕೊಳ್ತದೆ ಅಂತ. ಎಲ್ಲರೆದುರು ಮರ್ಯಾದೆ ಕಳ್ಕೊಳ್ಳೂಕಲ್ಲ."

ವಿಜೇತಾ ಕರೆ ಕತ್ತರಿಸಿದಳು. ಅವನು ಮೂರು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಮಾಡಲಿ... ಹಳ್ಳಿಯವರೆಂದರೆ ಏನೆಂದುಕೊಂಡಿದ್ದಾನೆ!

ಸಂಜೆ ನಾಲ್ಕಕ್ಕೆ ಬಾಗಿಲಲ್ಲಿ ಬೈಕ್ ನಿಂತಿತು. ಸಂಕೇತ! ಪರದೆಯ ಹೊರಗೆ ಅವನನ್ನು ಕಂಡದ್ದು ಇದೇ ಮೊದಲು. ಮುಖ ಕೆಂಪೇರಿತ್ತು.

"ಫೋನ್ ಎಂತಕ್ಕೆ ಎತ್ಲಿಲ್ಲ? ಕೈ ನಡುಗ್ತದೆ, ತೂಕ ಇಳಿದದೆ ಅಂತ ಬರೆದವರು ನೀವೇ. ಥೈರಾಯ್ಡ್ ಇರಬಹುದು ಅಂತ ಕೊರಳು ನೋಡ್ಬೇಕಿತ್ತು. ನಂಗೆ ಕಂಡದ್ದು ಬರೀ ಮಣಿ. ತಡ ಆದ್ರೆ ಹೃದಯಕ್ಕೇ ಪೆಟ್ಟು, ಗೊತ್ತಾ?"

ಬೊಮ್ಮಿಯ ಮಾನ ಉಳಿಸಿದೆನೆಂದುಕೊಂಡು ಬರಿಗೈಲಿ ಕಳಿಸಿಬಿಟ್ಟೆನಲ್ಲ! ಆದರೂ ಸಿಟ್ಟು ಇಳಿಯಲಿಲ್ಲ.

"ಅದನ್ನ ಆಗ್ಲೇ ಬಿಡಿಸಿ ಹೇಳಿದ್ರೆ ಬಾಯಿ ಸವೀತಿತ್ತಾ?"

ಅವನು ತಲೆ ತಗ್ಗಿಸಿದ.

"ಇಲ್ಲ... ತಪ್ಪು ನಂದೇ."

ಇಬ್ಬರೂ ಬೊಮ್ಮಿಯ ಮನೆಗೆ ನಡೆದರು. ವಿಜೇತಾ ಒಳಕೋಣೆಯಲ್ಲಿ ಎಲ್ಲ ವಿವರಿಸಿದ ಮೇಲೆ ಬೊಮ್ಮಿ ತಾನೇ ಸರಗಳನ್ನು ಬದಿಗೆ ಸರಿಸಿದಳು. ನೀರು ನುಂಗಿದಾಗ ಕೊರಳ ಊತ ಮೇಲೆ ಕೆಳಗೆ ಆಡಿತು. ಮದ್ದಿನಲ್ಲಿ ಹತೋಟಿಗೆ ಬರುವ ಕಾಯಿಲೆ, ನಾಳೆಯೇ ರಕ್ತ ಪರೀಕ್ಷೆ ಮಾಡಿಸೋಣ ಎಂದ ಸಂಕೇತ, ಕೈ ಮುಗಿದು ಕ್ಷಮೆ ಕೇಳಿದ.

"ನಂಗಲ್ಲ ಡಾಕ್ಟ್ರೇ, ಅವ್ಳಿಗೆ ಹೇಳಿ," ಬೊಮ್ಮಿ ನಕ್ಕಳು. "ಹುಡ್ಗಿ ಕೆಂಡ ಆಗ್ಯದೆ."

ವಾಪಸು ಬರುವ ದಾರಿಯಲ್ಲಿ ಅವನು ತಡವರಿಸಿದ.

"ಬರೂವಾಗ ಅಂಕೋಲೆ ತನಕ ಬೊಮ್ಮಿದೇ ಚಿಂತೆ. ಆಮೇಲೆ... ನೀವು ಇನ್ನು ನನ್ನತ್ರ ಮಾತೇ ಆಡೂದಿಲ್ವೇನೋ ಅಂತ ಹೆದರಿದೆ. ವಿಜೇತಾ, ನೀವಂದ್ರೆ ನಂಗೆ ಪ್ರೀತಿ. ಒಂದು ವರ್ಷದಿಂದ."

ಅವಳ ಕಣ್ಣು ತುಂಬಿತು. ಕೋಪವೂ ಉಕ್ಕಿತು.

"ಒಂದು ವರ್ಷ! ಇದನ್ನೂ ಹೇಳ್ಲಿಲ್ಲ ನೀವು."

"ಈಗ ಹೇಳ್ದೆ ಅಲ್ಲಾ... ಸಿಟ್ಟು ಇಳಿದದ್ಯಾ?"

"ಇಲ್ಲ." ಅವಳು ಅವನ ಕೈ ಹಿಡಿದಳು. "ಆದಿತ್ಯವಾರ ಕದ್ವಾಡಕ್ಕೆ, ನಮ್ಮ ಮನೆಗೆ ಬನ್ನಿ. ನನ್ನ ಹೆತ್ತ ಆಯಿಗೆ ನೀವೇ ಹೇಳ್ಬೇಕು."

"ಎಂತ ಹೇಳ್ಲಿ?"

"ಎಲ್ಲ. ಬಿಡಿಸಿ ಹೇಳಿ."