ಬಿರುಗಾಳಿಯ ದಿನ ಉತ್ತರ ಕೊಡದವನು

"ನಿಮಗೆ ಬೆರಳೇ ಇಲ್ವಾ?"

ಬಾಗಿಲು ದಬ್ಬಿಕೊಂಡು ಒಳಗೆ ನುಗ್ಗಿದವಳ ಮೊದಲ ಮಾತೇ ಇದು. ನಮಸ್ಕಾರವಿಲ್ಲ, ತಾನು ಯಾರೆಂದು ಹೇಳಿದ್ದೂ ಇಲ್ಲ. ಸಿಟ್ಟಿಗೆ ಅವಳ ಮೈಯೆಲ್ಲ ಉರಿಯುತ್ತಿತ್ತು.

ಅದು ರಸಾಯನಶಾಸ್ತ್ರ ವಿಭಾಗದ ನೆಲಮಾಳಿಗೆ. ಪ್ರಯೋಗಾಲಯಕ್ಕೆ ಬೇಕಾದ ಗಾಜಿನ ಕೊಳವೆಗಳನ್ನು ಊದಿ ಮಾಡುವವನು ಬೆಂಕಿಯ ಮುಂದೆ ಕುಳಿತಿದ್ದ. ಇಡೀ ವಿಶ್ವವಿದ್ಯಾಲಯ ಅವನನ್ನು ಗಾಜಣ್ಣ ಎನ್ನುತ್ತಿತ್ತು. ಅವನು ಕಪ್ಪು ಕನ್ನಡಕ ತೆಗೆದು ನೋಡಿದ. ಅವಳ ಮುಖ ಕಂಡದ್ದು ಇದೇ ಮೊದಲು. ದನಿ ಮಾತ್ರ ಎಷ್ಟು ಗುರುತಿತ್ತೆಂದರೆ, ಕೈಯಲ್ಲಿದ್ದ ಕೊಳವೆಯನ್ನು ತಿರುಗಿಸುವುದೇ ಮರೆತುಹೋಗಿ ಅದು ಬೆಂಕಿಯಲ್ಲಿ ಸೊಟ್ಟಗಾಯಿತು.

"ನೀವು... ರಜಾ ಮೇಡಂ," ಎಂದ.

ಆ ಹೆಸರು ಇಟ್ಟವರು ವಿದ್ಯಾರ್ಥಿಗಳು. ಅವಳಿದ್ದದ್ದು ಸುರಕ್ಷತಾ ಕಚೇರಿಯಲ್ಲಿ. ಬಿರುಗಾಳಿ ಬರುತ್ತದೆಂದು ಸುದ್ದಿ ಬಂದು ಮೇಲಿನವರು ತೀರ್ಮಾನಿಸಿದ ಕೂಡಲೇ, 'ಇಂದು ವಿಶ್ವವಿದ್ಯಾಲಯ ಮುಚ್ಚಿದೆ, ಯಾರೂ ಹೊರಗೆ ಬರಬೇಡಿ' ಎಂದು ಎಲ್ಲರ ಮೊಬೈಲಿಗೂ ಸಂದೇಶ ಕಳಿಸುವುದು ಅವಳ ಕೆಲಸ. ಗಾಳಿ ಜೋರಾದ ಮೇಲೆ ಇನ್ನೊಂದು ಸಂದೇಶ: 'ಕ್ಷೇಮವಾಗಿದ್ದೀರಾ?' ಕೆಳಗೊಂದು ಗುಂಡಿ. ಒತ್ತಿದವರ ಹೆಸರು ಅವಳ ಪರದೆಯಿಂದ ಮಾಯ. ಒತ್ತದವರಿಗೆ ಅವಳೇ ಫೋನ್ ಮಾಡಬೇಕು. ಎತ್ತದಿದ್ದರೆ ಕಾವಲಿನವರು ಹುಡುಕಿಕೊಂಡು ಹೋಗಬೇಕು.

ಪ್ರತಿ ಸಲವೂ ಒತ್ತದೆ ಉಳಿಯುವ ಮಹಾಶಯ ಒಬ್ಬನೇ. ಈ ಗಾಜಿನವನು!

"ಹೌದು, ರಜಾ ಮೇಡಮ್ಮೇ. ನಿನ್ನೆ ನಿಮಗೆ ಎಷ್ಟು ಸಲ ಫೋನ್ ಮಾಡಿದೆ ಗೊತ್ತಾ? ಯಾಕೆ ಎತ್ತಲಿಲ್ಲ?"

"ಕರೆಂಟ್ ಹೋಗಿತ್ತು... ಫೋನ್ ಸತ್ತುಹೋಗಿತ್ತು."

"ಸಾಯೋಕೆ ಮುಂಚೆ ಗುಂಡಿ ಒತ್ತೋಕೆ ಏನಾಗಿತ್ತು? ನಿಮ್ಮನ್ನ ಹುಡುಕ್ಕೊಂಡು ಹೊರಟ ಕಾವಲಿನ ಮಾಮ ದಾರೀಲಿ ಜಾರಿ ಬಿದ್ದು ಕಾಲು ಮುರ್ಕೊಂಡಿದಾರೆ. ಈ ವಯಸ್ಸಲ್ಲಿ... ನಿಮ್ಮೊಬ್ಬರ ಸೋಮಾರಿತನಕ್ಕೆ."

ಅವನ ಮುಖ ಬಿಳುಚಿಕೊಂಡಿತು. ಬೆಂಕಿ ಆರಿಸಿದ.

"ಇನ್ಮೇಲೆ ನಾನು ನಿಮಗೆ ಫೋನ್ ಮಾಡೋ ಪರಿಸ್ಥಿತಿ ಬರಬಾರದು," ಎಂದಳು ಅವಳು.

"ಬರಲ್ಲ," ಎಂದ ಅವನು ಮೆಲ್ಲಗೆ. "ತಪ್ಪು ನಂದು. ಇನ್ಮೇಲೆ ಬರಲ್ಲ."

ಬೈದು ಹೊರಬಂದವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಅವಳ ಬದುಕೂ ಅಷ್ಟಕ್ಕಷ್ಟೇ. ಅಮ್ಮ ಹೋದ ಮೇಲೆ ಒಂದು ಕೋಣೆಯ ಬಾಡಿಗೆ ಮನೆ. ಅಣ್ಣನಿಗೆ ಅವನದೇ ಸಂಸಾರ. ಏನಾದರೂ ಕೆಲಸವಿದ್ದರೆ ಫೋನ್ ಮಾಡುತ್ತಾನೆ, ಕೆಲಸ ಮುಗಿದರೆ ಇಡುತ್ತಾನೆ. ಊರೆಲ್ಲ ಅವಳ ಸಂದೇಶಕ್ಕೆ ಕಾಯುತ್ತಿತ್ತು, ಅವಳಿಗೆ ಕಾಯುವವರು ಮಾತ್ರ ಯಾರೂ ಇರಲಿಲ್ಲ. ಕೇಳುವವಳು ತಾನೇ ಆದ್ದರಿಂದ ಪರದೆಯ ಮೇಲೆ ಅವಳ ಹೆಸರೂ ಬರುತ್ತಿರಲಿಲ್ಲ. ಇದನ್ನು ಈವರೆಗೆ ಯಾರೂ ಗಮನಿಸಿರಲಿಲ್ಲ.

ಹಿಂದಿನ ಪ್ರತಿ ಬಿರುಗಾಳಿಯ ದಿನವೂ ಎಲ್ಲರನ್ನೂ ಮನೆಗೆ ಕಳಿಸಿದ ಮೇಲೆ ಖಾಲಿ ಮಹಡಿಯಲ್ಲಿ ಅವಳೊಬ್ಬಳೇ. ಕಿಟಕಿ ಗಡಗಡ ಎನ್ನುವಾಗ ಅವಳು ಆ ಗಾಜಿನವನಿಗೆ ಫೋನ್ ಮಾಡುತ್ತಿದ್ದಳು.

"ಕ್ಷೇಮವಾ?"

"ಕ್ಷೇಮ."

"ಮತ್ತೆ ಒತ್ತಬಾರದಾ?"

"ಮರೆತೆ ಮೇಡಂ. ನಿಮ್ಮ ಕಡೆ ಗಾಳಿ ಹೇಗಿದೆ?"

ಅಲ್ಲಿಂದ ಶುರುವಾದ ಮಾತು ಮುರಿದು ಬಿದ್ದ ಕೊಂಬೆ, ಸೋರುವ ಸೂರು, ಚಿಕ್ಕಂದಿನ ಜ್ವರ ಎಂದು ಎಲ್ಲೆಲ್ಲಿಗೋ ಹೋಗುತ್ತಿತ್ತು. ಒಬ್ಬನನ್ನು ಬೈಯಲು ಅಷ್ಟು ಹೊತ್ತು ಬೇಕೇ ಎಂದು ಯಾರೂ ಅವಳನ್ನು ಕೇಳಲಿಲ್ಲ, ಪುಣ್ಯ. ಕೇಳಿದ್ದರೆ ಅವಳು ತಡವರಿಸುತ್ತಿದ್ದಳು.

ಸ್ವಲ್ಪ ದಿನಕ್ಕೇ ಮತ್ತೊಂದು ಬಿರುಗಾಳಿ ಬಂತು. ಬೆಳಗ್ಗೆಯೇ ತರಗತಿಗಳು ರದ್ದಾದವು, ಬಸ್ಸುಗಳು ನಿಂತವು. ಮಧ್ಯಾಹ್ನ ಮಳೆ ಕಲ್ಲು ಎಸೆದಂತೆ ಕಿಟಕಿಗೆ ಬಡಿಯತೊಡಗಿದಾಗ ಅವಳು ಎರಡನೆಯ ಸಂದೇಶ ಕಳಿಸಿದಳು.

ಮೊಟ್ಟಮೊದಲು ಉತ್ತರ ಬಂದದ್ದು ಅವನದು.

ಅವಳು ಕಣ್ಣುಜ್ಜಿಕೊಂಡು ನೋಡಿದಳು. ನಿಜ. ಅವನ ಹೆಸರು ಹೋಗಿತ್ತು.

'ಒಳ್ಳೇದಾಯ್ತು... ಬುದ್ಧಿ ಬಂತಲ್ಲ,' ಎಂದುಕೊಂಡಳು. ಎದೆಯಲ್ಲಿ ಮಾತ್ರ ಏನೋ ಕಳೆದುಕೊಂಡಂತೆ ಆಯಿತು.

ಉಳಿದವರೂ ಒತ್ತಿದರು. ಕನ್ನಡಕ ಸಿಗದೆ ಪರದಾಡುತ್ತಿದ್ದ ಪ್ರೊಫೆಸರ್ ಒಬ್ಬರಿಗೆ ಫೋನ್ ಮಾಡಿದಳು. "ಬದುಕಿದೀನಮ್ಮ," ಎಂದು ಅವರು ಇಟ್ಟುಬಿಟ್ಟರು. ಪರದೆ ಖಾಲಿಯಾಯಿತು. ಕೆಲಸ ಇಷ್ಟು ಬೇಗ ಎಂದೂ ಮುಗಿದಿರಲಿಲ್ಲ. ಇಷ್ಟು ಬಿಕೋ ಎಂದದ್ದೂ ಇಲ್ಲ.

ತಡೆಯಲಾರದೆ ಕೆಳಗಿಳಿದಳು. ಬಾಗಿಲ ಬಳಿಯ ಮೇಜಿನ ಹಿಂದೆ, ಈಗ ಕೂತು ಮಾಡುವ ಕೆಲಸಕ್ಕೆ ಬಂದಿದ್ದ ಕಾವಲಿನ ಮಾಮ ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದ.

"ಯಾಕಮ್ಮ, ಮುಖ ಹೀಗಿದೆ? ಯಾರಾದ್ರೂ ಸಿಗ್ತಿಲ್ವಾ?"

"ಎಲ್ಲರೂ ಸಿಕ್ಕಿದ್ರು ಮಾಮ. ಆ ಗಾಜಿನವರೂ ಒತ್ತಿದಾರೆ. ಎಲ್ಲರಿಗಿಂತ ಮೊದಲು."

ಮಾಮ ನಗಲಿಲ್ಲ. "ಪಾಪ," ಎಂದ.

"ಪಾಪ ಏನು? ನಿಮ್ಮ ಕಾಲು ಮುರಿದೋರು ಅವರೇ ಅಲ್ವಾ?"

"ಮುರಿದಿದ್ದು ನೀರಲ್ಲಿ ಜಾರಿದ್ದಕ್ಕೆ. ಅವನು ದಿನಾ ನಮ್ಮನೆಗೆ ಬರ್ತಾನೆ, ಗೊತ್ತಾ? ಔಷಧಿ ತರ್ತಾನೆ, ನನ್ನ ಹಿಡ್ಕೊಂಡು ನಡೆಸ್ತಾನೆ. ಮೊದಲ ದಿನ ಕೈ ಹಿಡ್ಕೊಂಡು ಅತ್ತುಬಿಟ್ಟ. ಯಾಕಪ್ಪಾ ಒತ್ತಲ್ಲ ನೀನು ಅಂತ ಕೇಳಿದೆ..."

ಮಾಮ ದನಿ ತಗ್ಗಿಸಿದ. "ನಿನ್ನ ಹತ್ರ ಹೇಳಬೇಡಿ ಅಂದಿದಾನೆ. ಆದರೆ ನನ್ನ ಬಾಯಲ್ಲಿ ಯಾವ ಮಾತು ನಿಂತಿದೆ ಹೇಳು?"

"ಹೇಳಿ ಮಾಮ."

"ಒತ್ತಿಬಿಟ್ರೆ ಅವರು ಫೋನ್ ಮಾಡಲ್ವಲ್ಲ ಮಾಮ ಅಂದ. ನಾನು ಇದೀನಾ ಸತ್ತಿದೀನಾ ಅಂತ ಕೇಳೋರು ಈ ಭೂಮಿ ಮೇಲೆ ಅವರೊಬ್ಬರೇ ಅಂದ. ಬುದ್ಧಿಗೇಡಿ. ಆದ್ರೆ ಕೆಟ್ಟವನಲ್ಲಮ್ಮ."

ಅವಳು ಮೆಟ್ಟಿಲು ಹತ್ತಿ ಕೋಣೆಗೆ ಬಂದು ಫೋನ್ ಕೈಗೆತ್ತಿಕೊಂಡಳು. ಇಟ್ಟಳು. ಮತ್ತೆ ಎತ್ತಿಕೊಂಡಳು.

'ಏನಂತ ಹೇಳಲಿ? ಕಾರಣವೇ ಇಲ್ಲ... ನಾನೇ ಅಲ್ವಾ ಫೋನ್ ಮಾಡೋ ಹಾಗೆ ಆಗಬಾರದು ಅಂದಿದ್ದು?'

ಇಷ್ಟು ವಯಸ್ಸಾದರೂ ಕಾರಣವಿಲ್ಲದೆ ಅವಳು ಯಾರಿಗೂ ಫೋನ್ ಮಾಡಿರಲಿಲ್ಲ. ಒಡಹುಟ್ಟಿದ ಅಣ್ಣನಿಗೂ ಇಲ್ಲ. ಈಗ ಮಾಡದಿದ್ದರೆ ಅವನು ಮುಂದೆಂದೂ ಕಾಯುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ತನ್ನ ಮಾತಿನಿಂದ ತಾನೇ ಮುಚ್ಚಿದ ಬಾಗಿಲು ಅದು.

ಕಣ್ಣು ಮುಚ್ಚಿಕೊಂಡು ಅವನ ನಂಬರ್ ಒತ್ತಿದಳು.

ಫೋನ್ ಅಲ್ಲಿ ರಿಂಗಾಗುವ ಮೊದಲೇ ಎತ್ತಿದಂತಿತ್ತು. "ಮೇಡಂ, ನಾನು ಒತ್ತಿದೀನಿ. ಬಂದಿಲ್ವಾ? ಆಣೆಗೂ ಒತ್ತಿದೀನಿ," ಎಂದ ಅವನು ಗಾಬರಿಯಿಂದ.

"ಬಂದಿದೆ."

"ಮತ್ತೆ?"

"ಮತ್ತೇನಿಲ್ಲ. ಸುಮ್ನೆ ಮಾಡಿದೆ."

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಮಾಮ ಹೇಳಿದ್ರು," ಎಂದಳು ಅವಳು. "ಆವತ್ತು ಬಾಯಿಗೆ ಬಂದ ಹಾಗೆ ಬೈದೆ. ಸೋಮಾರಿ ಅಂದೆ. ನನಗೆ ಗೊತ್ತಿರಲಿಲ್ಲ..."

"ಬೈಸ್ಕೊಳ್ಳೋ ಕೆಲಸವೇ ಮಾಡಿದ್ದೆ. ನನ್ನ ಆಸೆಗೆ ಇನ್ನೊಬ್ಬರ ಕಾಲು ಮುರೀತು."

"ಅದು ತಪ್ಪೇ. ಇನ್ಮೇಲೂ ನೀವು ಒತ್ತಲೇಬೇಕು. ಒತ್ತಿದ ಮೇಲೂ ನಾನು ಫೋನ್ ಮಾಡ್ತೀನಿ. ಮಳೆ ಬರಲಿ ಬಿಡಲಿ, ಮಾಡ್ತೀನಿ. ನಿಮ್ಮ ಮಾತು ಕೇಳದೆ ಇದ್ರೆ... ನನಗೆ ಆಗಲ್ಲ."

ಹೇಳಿಬಿಟ್ಟಳು. ಕೆನ್ನೆ ಬಿಸಿಯಾಯಿತು.

"ಒಂದು ಕೇಳ್ಲಾ?" ಎಂದ ಅವನು. "ಇಷ್ಟು ವರ್ಷದಲ್ಲಿ ಒಂದು ಸಲವಾದ್ರೂ ನಾನು ಕೇಳಬೇಕಿತ್ತು. ಅಲ್ಲಿ ನೀವು ಕ್ಷೇಮವಾ?"

ಈ ಪ್ರಶ್ನೆಯನ್ನು ಎಷ್ಟು ಜನಕ್ಕೆ ಕೇಳಿದ್ದಳೋ ಲೆಕ್ಕವಿಲ್ಲ. ಉತ್ತರ ಕೊಡುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಇಲ್ಲ," ಎಂದಳು. ಕಣ್ಣೀರು ಧಾರೆಯಾಗಿ ಇಳಿಯಿತು. "ಒಬ್ಬಳೇ ಇದೀನಿ. ಯಾವಾಗ್ಲೂ ಒಬ್ಬಳೇ."

"ನಾನು ಈಗಲೇ ಬರ್ತೀನಿ."

"ಬೇಡ. ಮರ ಬೀಳ್ತಿವೆ. ಹೊರಗೆ ಬರಬಾರದು ಅಂತ ನಾನೇ ಸಂದೇಶ ಕಳಿಸಿದೀನಿ."

"ಹಾಗಾದ್ರೆ ಗಾಳಿ ನಿಂತ ಮೇಲೆ?"

"ನಿಂತ ತಕ್ಷಣ ಅಲ್ಲ. ರಸ್ತೆ ನೋಡಿ, ತಂತಿ ನೋಡಿ, ಎಲ್ಲ ಸರಿ ಇದ್ರೆ ಹೊರಗೆ ಬರಬಹುದು ಅಂತ ಸಂದೇಶ ಬರುತ್ತೆ. ಆಮೇಲೆ ಬನ್ನಿ."

"ಅದು ಎಲ್ಲರಿಗೂ ಬರುತ್ತಲ್ಲ," ಎಂದ ಅವನು.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಲ್ಲರಿಗೂ ಆಮೇಲೆ," ಎಂದಳು. "ನಿಮಗೆ ಮೊದಲು."