ನರಿ ಕೂಗದ ಕತೆ

“ಸಾಕು, ನಿಲ್ಸೋ ನಿನ್ನ ಕತೆ!”

ಚೋಮಿ ಮೊರವನ್ನು ನೆಲಕ್ಕೆ ಕುಕ್ಕಿದಳು. ಆರಿಸಿಟ್ಟ ಕಾಫಿಬೀಜ ಚೆಲ್ಲಾಪಿಲ್ಲಿಯಾಯಿತು.

ಗೋಣಿಕೊಪ್ಪಲಿನ ಹತ್ತಿರ ಬಿಳಿ ದೊರೆಯೊಬ್ಬನ ತೋಟ ಅದು. ಅಲ್ಲಿ ಆರಿಸಿದ ಬೀಜ ಹಡಗು ಹತ್ತಿ ಸೀಮೆಗೆ ಹೋಗುತ್ತಿತ್ತು; ಆರಿಸಿದವರ ನಾಲಿಗೆಗೆ ಅದರ ರುಚಿಯೇ ಗೊತ್ತಿರಲಿಲ್ಲ! ಬೆನ್ನುನೋವು ಮರೆಯಲು ಅವರಿಗಿದ್ದದ್ದು ಕುಟ್ಟಪ್ಪನ ಕತೆ ಒಂದೇ. ಮೂಟೆ ಹೊಲಿಯುತ್ತಾ ಹೇಳುತ್ತಿದ್ದ.

ಇವತ್ತೂ ಶುರುಮಾಡಿದ್ದ: “ಕತ್ತಲು ಕವಿದಿತ್ತು... ನರಿ ಊಳಿಡ್ತಿತ್ತು... ಆ ಊರಲ್ಲಿ ಗಂಡ ಸತ್ತ ಹೆಂಗ್ಸೊಬ್ಬಳಿದ್ಲು...”

ಚೋಮಿಯ ಗಂಡ ಜ್ವರದಲ್ಲಿ ಹೋಗಿ ಎರಡು ವರ್ಷವಾಗಿತ್ತು.

“ಗಂಡ ಸತ್ತೋಳು ಅಂದ ತಕ್ಷಣ ಕತ್ಲೆ ಯಾಕೋ? ನರಿ ಯಾಕೋ? ನನ್ನ ಕಂಡ್ರೆ ನಿಂಗೂ ಹಂಗೇ ಅನ್ಸುತ್ತಾ?”

ಕುಟ್ಟಪ್ಪನ ಕೈಯ ದಬ್ಬಳ ನಿಂತಿತು. “ಅಯ್ಯೋ, ನಿನ್ನ ಬಗ್ಗೆ ಅಲ್ಲ ಚೋಮಿ... ಮೊದ್ಲು ಹೆದರಿಸಿದ್ರೇ ಜನ ಕೂತು ಕೇಳೋದು...”

“ಕಕ್ಕಬೆಯಿಂದ ಅಣ್ಣ ಗಾಡಿ ತಂದಿದ್ದಾನೆ, ಬಂದು ನಮ್ಮಲ್ಲೇ ಇರು ಅಂತ. ಉಳಿಯೋದೋ ಹೋಗೋದೋ ಅಂತಿದ್ದೆ. ಹೊರಟೆ! ಇನ್ಯಾರನ್ನಾದ್ರೂ ಹೆದರಿಸ್ಕೋ!”

ಎದ್ದು ದಡದಡನೆ ಗೋದಾಮಿನ ಬಾಗಿಲಿಗೆ ನಡೆದಳು. ಇವನೊಬ್ಬನಾದರೂ ನನ್ನನ್ನು ಬೇರೆ ಕಣ್ಣಿಂದ ನೋಡ್ತಾನೆ ಅಂದುಕೊಂಡಿದ್ದೆನಲ್ಲ... ಹುಚ್ಚಿ ನಾನು!

ಹಿಂದಿನಿಂದ ಅವನ ದನಿ...

“ಬೆಳಗಾಗಿತ್ತು.”

ಚೋಮಿಯ ಕಾಲು ನಿಂತಿತು.

“ಕಾಫಿ ಹೂ ಬಿಟ್ಟು ತೋಟವೆಲ್ಲ ಬೆಳ್ಳಗಿತ್ತು. ಜೇನು ಗುಂಯ್ ಅಂತಿತ್ತು. ಗಂಡ ಸತ್ತ ಹೆಂಗ್ಸೊಬ್ಬಳು ಆ ದಾರೀಲಿ ಬಂದ್ಲು. ಅವಳಿಗಿಂತ ಮುಂಚೆ ಅವಳ ನಗು ಬಂತು...”

ಅದೇ ಊರು, ಅದೇ ಹೆಂಗಸು. ಆದರೆ ಚೋಮಿಯ ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿಟ್ಟಂತಾಯಿತು!

ತಿರುಗಿ ನೋಡದೆಯೇ ಕೇಳಿದಳು. “ಆಮೇಲೆ? ಊರು ಬಿಟ್ಟು ಹೋಗ್ತಾಳಾ?”

“ಅದು ನನ್ನ ಕೈಲಿಲ್ಲ. ಬೆಳಗು ಮಾಡೋದಷ್ಟೇ ನಂಗೆ ಗೊತ್ತಿರೋದು... ಆದ್ರೆ ಅಲ್ಲೊಬ್ಬ ಮೂಟೆ ಹೊಲಿಯೋನಿದ್ದ. ಆರು ತಿಂಗಳಿಂದ ಒಂದು ಮಾತು ನುಂಗ್ಕೊಂಡಿದ್ದ...”

“ಕತೇಲಿ ಬೇಡ. ಎದ್ದು ಬಂದು ಹೇಳು.”

ಕುಟ್ಟಪ್ಪ ಎದ್ದು ಬಂದ.

“ಚೋಮಿ... ನನ್ನ ಜೊತೆ ಬಾಳ್ತೀಯಾ?”

ತೋಟಕ್ಕೆಲ್ಲ ಕೇಳುವಂತೆ ಕೂಗಾಡುವ ಹೆಣ್ಣು, ಈಗ ತುಟಿ ಅಲ್ಲಾಡಿಸಿದಳಷ್ಟೇ. ಕುಟ್ಟಪ್ಪನ ಮುಖ ಅರಳಿಹೋಯಿತು.

“ಏನಂದ್ಲೋ? ನಂಗೆ ಕೇಳಿಸ್ಲಿಲ್ಲ!” ಮೂಲೆಯಿಂದ ಮುದುಕಿ ದೊಡ್ಡಿ ಕೂಗಿದಳು.

“ನಿಂಗೆ ಹೇಳಿದ್ದಲ್ಲ ಕಣಜ್ಜಿ!” ಅಂದಳು ಚೋಮಿ, ಅವನ ಮುಖದಿಂದ ಕಣ್ಣು ತೆಗೆಯದೆ.